ಎರಡನೆಯ ಕ್ಯಾಲ್ಕುಲೇಟರ್

ಒಂದೇ ಕಂಪ್ಯೂಟರಿನಲ್ಲಿ ಎರಡು ಕ್ಯಾಲ್ಕುಲೇಟರ್‌ಗಳಿದ್ದರೆ ಯಾರ ಗಂಟೇನು ಹೋಗುತ್ತದೆ ಎಂದು ನೀವು ಕೇಳಬಹುದು. ಯಾರದೂ ಹೋಗುವುದಿಲ್ಲ. ಆದರೆ ಪಿರಿಯಾಪಟ್ಟಣದಲ್ಲಿ ತರ್ಕಶಾಸ್ತ್ರ ಬೋಧಿಸುತ್ತ, ಕಂಪಲಾಪುರದ ಮಾವನ ಮನೆಯಲ್ಲಿ ಹತ್ತು ವರ್ಷಗಳಿಂದ ಮನೆಯಳಿಯನಾಗಿ ಸುಖವಾಗಿದ್ದ ನನಗೆ, ನಿರುಪಯೋಗಿಗಳನ್ನು ಕಂಡರೆ ಮೈಯುರಿ.

ಎರಡು ಸಾವಿರದ ಆರು, ಏಳರ ಸುಮಾರಿನ ಮಾತು. ಎಲ್ಲರೂ ಬಳಸುವುದನ್ನು ಬಳಸುವುದು ಪಾಮರಲಕ್ಷಣವೆಂದು ಬಗೆದು ಕಂಪ್ಯೂಟರಿಗೆ ಲಿನಕ್ಸ್ ಎಂಬ ಬೇರೆಯೇ ಕಾರ್ಯವ್ಯವಸ್ಥೆ ಹಾಕಿಸಿಕೊಂಡಿದ್ದೆ. ಅದರಲ್ಲಿ ಡೆಸ್ಕ್‌ಟಾಪನ್ನೇ, ಅಂದರೆ ಕಿಟಕಿ, ಮೆನು, ಗುಂಡಿಗಳ ಇಡೀ ಸಂಸಾರವನ್ನೇ ಬದಲಿಸಬಹುದು. ಬದಲಿಸಿದೆ. ಹೊಸ ಸಂಸಾರ ಬಂತು, ಹಳೆಯದು ಜಾಗ ಬಿಡಲಿಲ್ಲ. ಎರಡು ಗಡಿಯಾರ, ಎರಡು ಚಿತ್ರಪೆಟ್ಟಿಗೆ, ಎರಡು ಕ್ಯಾಲ್ಕುಲೇಟರ್. ಭಾನುವಾರ ಬೆಳಿಗ್ಗೆ ಶುದ್ಧೀಕರಣಕ್ಕೆ ಕೂತಾಗ ಹೆಂಡತಿ ಹಿಂದಿನಿಂದ ಇಣುಕಿ, "ಅದ್ರ ಪಾಡಿಗೆ ಅದು ಬಿದ್ದಿರ್ಲಿ ಬುಡಿ, ನಿಮ್ಮನ್ನೇನು ಅನ್ನ ಕೇಳ್ತದಾ?" ಎಂದಳು. ತರ್ಕಶಾಸ್ತ್ರಜ್ಞ ಇಂಥ ಮಾತಿಗೆ ಕಿವಿಗೊಡುವುದುಂಟೆ?

ಕಳೆಯನ್ನು ಬೇರುಸಮೇತ ಕೀಳಬೇಕೆಂದು ಹೊಗೆಸೊಪ್ಪಿನ ಹೊಲದಲ್ಲಿ ಮಾವ ಆಳುಗಳಿಗೆ ಹೇಳುವುದನ್ನು ಏರಿಯ ಮೇಲೆ ಕೊಡೆ ಹಿಡಿದು ನಿಂತು ಕೇಳಿದ್ದೆ. ಕೃಷಿಯಲ್ಲಿ ನನ್ನ ಅನುಭವ ಅಷ್ಟೇ. ಆ ಬಲದಿಂದ, ಹಳೆಯ ತಂತ್ರಾಂಶಗಳನ್ನು ಕಿತ್ತದ್ದು ಸಾಲದೆಂದು, ಅವು ತಮ್ಮ ಸಾಮಾನುಗಳನ್ನು ಬಚ್ಚಿಟ್ಟುಕೊಂಡಿದ್ದ ಗುಪ್ತ ಕಡತಕೋಶಗಳನ್ನೂ ಹುಡುಕಿ ಅಳಿಸಿದೆ, ಕಸದ ಬುಟ್ಟಿಯನ್ನೂ ಬರಿದುಮಾಡಿದೆ. ಮೆನು ಲಕಲಕ ಹೊಳೆಯಿತು.

ಹೊಳೆದದ್ದು ಹತ್ತೇ ನಿಮಿಷ. ನಾದಿನಿಯ ಮದುವೆಯ ಲಗ್ನಪತ್ರಿಕೆ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಅದರಲ್ಲಿ 'ಸುಖಾಗಮನ ಬಯಸುವವರು' ಎಂಬ ಪಟ್ಟಿಯಿರುತ್ತದಲ್ಲ, ಯಾರ ಹೆಸರು ಯಾರ ಮೇಲೆ ಎಂಬುದು ಮೂರು ಪಂಚಾಯಿತಿಗಳಲ್ಲಿ ತೀರ್ಮಾನವಾಗಿತ್ತು. ಆರು ವರ್ಷ ಮಾತುಬಿಟ್ಟಿದ್ದ ಅವಳ ದೊಡ್ಡಪ್ಪನ ಮನೆಯವರು, ತಮ್ಮ ಹೆಸರು ಚಿಕ್ಕಪ್ಪನ ಮನೆಯವರಿಗಿಂತ ಮೇಲಿದ್ದರೆ ಮಾತ್ರ ಚಪ್ಪರಕ್ಕೆ ಕಾಲಿಡುವುದಾಗಿ ಒಪ್ಪಿದ್ದರು. ಆ ಪಟ್ಟಿಯನ್ನು ನಾನು ಹಳೆಯ ಡೆಸ್ಕ್‌ಟಾಪಿನಲ್ಲಿ ಪರದೆಗೆ ಅಂಟಿಸಿಡುವ ಹಳದಿ ಚೀಟಿಯೊಂದರಲ್ಲಿ ಬೆರಳಚ್ಚಿಸಿದ್ದೆ. ಕಂಪ್ಯೂಟರಿಗೆ ಏರಿದ ಮೇಲೆ ಕಾಗದವೇಕೆಂದು ಮೂಲಪ್ರತಿಯನ್ನು ಒಲೆಗೆ ಹಾಕಿದವನೂ ನಾನೇ. ಚೀಟಿ ಬದುಕಿದ್ದದ್ದು ಆ ಗುಪ್ತ ಕೋಶದಲ್ಲಿ. ಒಂದು ಹೆಸರು ಮೇಲೆ ಕೆಳಗಾದರೆ ಮದುವೆಮನೆಯಲ್ಲಿ ಅರ್ಧ ಎಲೆ ಖಾಲಿ, ಕಣ್ಣೀರು ಹಾಕುವವಳು ಏನೂ ಅರಿಯದ ಆ ಹುಡುಗಿ.

ಮಾವ ಜಗಲಿಯಲ್ಲಿ ಕಡ್ಡಿಗೆ ಹೊಗೆಸೊಪ್ಪು ಪೋಣಿಸುತ್ತಿದ್ದರು. ನನ್ನ ಪಾಪನಿವೇದನೆಯನ್ನು ಕೇಳಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬರ್ಕಳಿ ಎಂದರು. ಒಂದೊಂದು ಎಲೆಗೆ ಒಂದೊಂದು ಹೆಸರಿನಂತೆ ಇಪ್ಪತ್ತಮೂರು ಹೆಸರುಗಳನ್ನು, ಸೋದರತ್ತೆಯ ಮೊಮ್ಮಗನವರೆಗೆ, ಎಲ್ಲಿಯೂ ತಡವರಿಸದೆ ಹೇಳಿ, ಕಡ್ಡಿಯನ್ನು ಪಕ್ಕಕ್ಕಿಟ್ಟರು.

ನಾನು ಲೇಖನಿ ಹಿಡಿದೇ ಕಾದೆ. ಹಳೆಯ ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಹೆಸರಿದ್ದವು. ಕೊನೆಗೆ ತಡೆಯಲಾರದೆ, ನನ್ನದು ಎಲ್ಲಿತ್ತು ಮಾವ ಎಂದೆ.

ಅವರು ನಿಜವಾಗಿಯೂ ಯೋಚಿಸಿದರು. "ಗ್ಯಾಪ್ಕಕ್ಕೆ ಬತ್ತಿಲ್ಲ ಕಣ್ರೀ ಅಳಿಯಂದ್ರೆ. ಎಲ್ಲಾದ್ರೂ ಸಂದೀಲಿ ಸೇರುಸ್ಕಳಿ. ನೀವು ಎಲ್ಲಿದ್ರೂ ಯಾರೂ ಮುನುಸ್ಕಳಕಿಲ್ಲ."

ಮದುವೆ ಸಾಂಗವಾಗಿ ನಡೆಯಿತು. ದೊಡ್ಡಪ್ಪನ ಮನೆಯವರು ಬಂದರು, ಎರಡೆರಡು ಸಲ ಪಾಯಸ ಹಾಕಿಸಿಕೊಂಡರು. ಮರುವಾರ ನಾನು ಆ ಎರಡನೆಯ ಕ್ಯಾಲ್ಕುಲೇಟರನ್ನು ಮತ್ತೆ ಹಾಕಿಕೊಂಡೆ. ಬಳಸುವುದಿಲ್ಲ. ಅದರ ಪಾಡಿಗೆ ಅದು ಮೆನುವಿನಲ್ಲಿ ಬಿದ್ದಿದೆ, ಅನ್ನವನ್ನಂತೂ ಕೇಳುವುದಿಲ್ಲ. ನಾನು ಕೇಳುತ್ತೇನೆ, ದಿನಕ್ಕೆ ಮೂರು ಹೊತ್ತು.