ಔರಾದಿಗೆ ಹೋದರೆ ಹ್ಯಾಂಗ್ ಆಗುತ್ತಿದ್ದ ಕಂಪ್ಯೂಟರ್

೨೦೧೬ರ ಬೇಸಿಗೆ. ಬೀದರ ಶಹರದಲ್ಲಿ ನನ್ನದು ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ಅಂಗಡಿ. ಆ ಕೆಲಸಕ್ಕೆ ಕೈ ಹಾಕಿ ಆಗಲೇ ಹದಿನೆಂಟು ವರ್ಷವಾಗಿತ್ತು. ಮಳೆ ಕೈಕೊಟ್ಟು, ಜನ ಗಂಟುಮೂಟೆ ಕಟ್ಟಿ ಹೈದರಾಬಾದ್, ಪುಣೆಯ ಬಸ್ಸು ಹತ್ತುತ್ತಿದ್ದ ಕಾಲ. ಆಗ ಔರಾದಿನಿಂದ ಸುಜಾತಾ ಎಂಬ ಹೆಣ್ಣುಮಗಳು ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಅಂಗಡಿಗೆ ಬಂದರು.

ಅವರು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯೊಂದರ ನೌಕರರು. ಹೆರಿಗೆಯ ನಂತರ ಮನೆಯಿಂದಲೇ ದುಡಿಯುತ್ತೇನೆ ಎಂದು ಕೇಳಿದ್ದಕ್ಕೆ ಕಂಪನಿ ಒಂದು ತಿಂಗಳ ಪರೀಕ್ಷೆ ಇಟ್ಟಿತ್ತು. ಕೊಟ್ಟ ಕೆಲಸವನ್ನು ಅಷ್ಟರಲ್ಲಿ ಒಪ್ಪಿಸಿದರೆ ನೌಕರಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಗಂಡ ಭಾಲ್ಕಿಯ ದವಾಖಾನೆಯಲ್ಲಿ ನರ್ಸ್. ಔರಾದಿನ ಮನೆಯಲ್ಲಿ ಅತ್ತೆ ಮತ್ತು ಸೊಸೆ.

"ಇಪ್ಪತ್ತೈದು ಸಾವಿರದಾಗ ಆಗಬೇಕ್ರಿ ಅಣ್ಣಾ. ಆಟ ಆಡೋದಿಲ್ಲ, ಕೋಡ್ ಬರಿಯೋದು" ಎಂದರು.

ತನಗೇನು ಬೇಕೆಂದು ಗೊತ್ತಿದ್ದ ಗಿರಾಕಿ ನನಗೆ ಅಪರೂಪ. ಹೆಚ್ಚಿನವರು ಕ್ಯಾಬಿನೆಟ್ಟಿನಲ್ಲಿ ಬಣ್ಣದ ದೀಪ ಎಷ್ಟಿವೆ ಎಂದು ಕೇಳುವವರು. ಹುರುಪಿನಿಂದಲೇ ಕೂತೆ. ಕೋಡ್ ಬರೆಯಲು ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ; ಅದನ್ನು ಬಿಟ್ಟೆ. ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಯಾವುದೋ ಆಫೀಸು ಮಾರಿದ ಹಳೆಯವು, ಆದರೆ ಗಟ್ಟಿ. ಉಳಿದ ಹಣವನ್ನು ಎಂಟು ಜಿಬಿ RAM ಮತ್ತು ಹಾರ್ಡ್ ಡಿಸ್ಕಿಗಿಂತ ಚುರುಕಾದ SSD ಮೇಲೆ ಸುರಿದೆ. ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಕಟ್ಟುವುದಕ್ಕೆ ಕಂಪೈಲ್ ಎನ್ನುತ್ತಾರೆ. ಅದು ಬೇಗ ಮುಗಿಯಬೇಕಾದರೆ ಇವೆರಡೇ ಮುಖ್ಯ. ಹಳೆಯ ಮಾನಿಟರ್, ಸಣ್ಣ UPS ಸೇರಿಸಿ ಇಪ್ಪತ್ತನಾಲ್ಕು ಸಾವಿರದ ಆರುನೂರಕ್ಕೆ ಮುಗಿಸಿದೆ. ನನ್ನ ಕೈಗೆ ನಾನೇ ಶಾಭಾಸ್ ಅಂದುಕೊಂಡೆ.

ನಾಲ್ಕನೆಯ ದಿನ ಫೋನು ಬಂತು. ಕಂಪೈಲ್ ಅರ್ಧಕ್ಕೆ ನಿಲ್ಲುತ್ತದೆ, ಕೀಬೋರ್ಡ್ ಸ್ತಬ್ಧವಾಗುತ್ತದೆ. ತನ್ನಿ ಎಂದೆ. ಒಂದೂವರೆ ತಾಸು ಬಸ್ಸಿನಲ್ಲಿ ಬಂದರು. ನಮ್ಮ ಅಂಗಡಿಯಲ್ಲಿ ಇಡೀ ದಿನ ಓಡಿಸಿದರೂ ಒಂದು ಸಲವೂ ನಿಲ್ಲಲಿಲ್ಲ. RAM ಬದಲಿಸಿ ಕಳಿಸಿದೆ. ವಾರದಲ್ಲಿ ಮತ್ತೆ ಅದೇ ದೂರು, ಮತ್ತೆ ಅದೇ ಬಸ್ಸು. ಈ ಸಲ ಕರೆಂಟನ್ನು ಯಂತ್ರಕ್ಕೆ ಹದಮಾಡಿ ಕೊಡುವ SMPS ಬದಲಿಸಿದೆ.

"ನಮ್ಮಲ್ಲಿ ಛಲೋ ನಡೀತದ ತಂಗಿ. ಮನ್ಯಾಗ ನೀವೇ ಏನೋ ತಪ್ಪ ಮಾಡ್ಲತ್ತೀರಿ" ಎಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ಸುಳ್ಳಲ್ಲ.

ಮೂರನೆಯ ಸಲದ ಫೋನಿನಲ್ಲಿ ಅವರ ದನಿ ಬೇರೆಯೇ ಇತ್ತು. "ಇನ್ನ ಆರ ದಿನ ಉಳದಾವ್ರಿ. ನಾ ಮಿಶೀನ್ ತರೋದಿಲ್ಲ. ನೀವೇ ಬರ್ರಿ."

ಹೋದೆ. ಕ್ಯಾಬಿನೆಟ್ಟನ್ನು ಮುಟ್ಟಿದ ಕೂಡಲೇ ಬೆರಳು ಜುಮ್ಮೆಂದಿತು. ಮೀಟರ್ ಹಿಡಿದೆ. ಅರ್ಥಿಂಗ್ ಮತ್ತು ನ್ಯೂಟ್ರಲ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು, ಎಪ್ಪತ್ತು ತೋರಿಸಿತು. ಅರ್ಥಿಂಗ್ ಎಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿ, ಪೈಪು ಹೂಳುತ್ತಾರೆ. ಆದರೆ ಮಣ್ಣು ಹಸಿಯಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಮನೆ ಕಟ್ಟಿದ ಜಾಣ ಮಿಸ್ತ್ರಿ ಗುಂಡಿಯನ್ನು ಬಚ್ಚಲ ನೀರು ಬೀಳುವ ಜಾಗದಲ್ಲೇ ತೋಡಿದ್ದ. ಈಗ ಬಚ್ಚಲ ಪೈಪಿನ ಕೆಳಗೆ ಒಂದು ದೊಡ್ಡ ಟಬ್ ಇತ್ತು. ಗುಂಡಿಯ ಮಣ್ಣು ಬಿರುಕು ಬಿಟ್ಟಿತ್ತು. ಸೋರಿದ ಕರೆಂಟು ನೆಲಕ್ಕೆ ಇಳಿಯಲಾಗದೆ ಕ್ಯಾಬಿನೆಟ್ಟಿನಲ್ಲೇ ಉಳಿದು ಯಂತ್ರವನ್ನು ನಿಲ್ಲಿಸುತ್ತಿತ್ತು. ಡೊಂಕಾಗಿದ್ದದ್ದು ನಿಜವಾಗಿಯೂ ನೆಲವೇ.

ಟಬ್ ಇಟ್ಟವರು ಅತ್ತೆ ಶಾಂತಾಬಾಯಿ. "ಟ್ಯಾಂಕರ್ ಎಂಟ ದಿನಕ್ಕ ಒಮ್ಮಿ ಬರ್ತದ್ರಿ. ಜಳಕದ ನೀರ ಎಮ್ಮಿ ಮೈಮ್ಯಾಲ ಸುರೀತೇನಿ. ಇಲ್ಲಂದ್ರ ಈ ಬಿಸಲಿಗಿ ಹಾಲ ಬತ್ತತದ" ಎಂದರು.

ನೀರು ಆ ಗುಂಡಿಗೆ ಹೋಗಬೇಕು ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಆದರೂ ಹೇಳಿದೆ. ಅವರು ಎಮ್ಮೆಯ ಕಡೆ ನೋಡಿದರು.

"ದಿನಾ ಎಷ್ಟ ಬೇಕ್ರಿ?"

"ಇವತ್ತ ಟಬ್ ತುಂಬ. ಆಮ್ಯಾಲ ದಿನಾ ಒಂದೊಂದ ಕೊಡ."

ಅವರೇ ಟಬ್ ಬಗ್ಗಿಸಿದರು. "ಎಮ್ಮಿಗಿ ಹಸಿ ಗೋಣಿಚೀಲ ಹೊಚ್ತೇನಿ. ಸೊಸಿ ನೌಕರಿ ಹೋದ್ರ ಏನ ಹೊಚ್ಲಿ?"

ಉಪ್ಪು ಹಾಕಿ, ಒಂದು ತಾಸು ಕಾದು ಮೀಟರ್ ಹಿಡಿದಾಗ ಮೂರು ವೋಲ್ಟ್. ಸುಜಾತಾ ಕಂಪೈಲ್ ಹಚ್ಚಿದರು. ಹನ್ನೊಂದು ನಿಮಿಷದಲ್ಲಿ, ಎಲ್ಲೂ ನಿಲ್ಲದೆ ಮುಗಿಯಿತು. ಗಡುವಿಗೆ ಒಂದು ದಿನ ಮೊದಲೇ ಅವರು ಕೆಲಸ ಒಪ್ಪಿಸಿದರು, ನೌಕರಿ ಉಳಿಯಿತು.

ಗುಂಡಿಗೆ ನೀರು ಹಾಕಿದ ಆ ದಿನ ಔರಾದಿನಿಂದ ಹೊರಡುವಾಗ, ತಪ್ಪು ನನ್ನದು ಎಂದು ಸುಜಾತಾ ಅವರಿಗೆ ಹೇಳಿದ್ದೆ. ಅವರು ಸಿಟ್ಟು ಮಾಡಲಿಲ್ಲ.

"ಎರಡ ಸಲ ಬಸ್ಸಿನ್ಯಾಗ ಕೂಸ ಒಂದ ತೊಡಿ ಮ್ಯಾಲ, ಇದ ಒಂದ ತೊಡಿ ಮ್ಯಾಲ ಇಟ್ಕೊಂಡ ಬಂದಿದ್ದೆ ಅಣ್ಣಾ. ನೀವ ಒಮ್ಮಿ ಬಂದಿದ್ರ ಮುಗೀತಿತ್ತ."

ನಾಚಿಕೆಯಾಯಿತು. ಯಂತ್ರ ನಡೆಯಬೇಕಾದದ್ದು ನನ್ನ ಮೇಜಿನ ಮೇಲಲ್ಲ, ಕೊಂಡವರ ಮನೆಯಲ್ಲಿ. ಆಮೇಲೆ, ಕೊನೆಗೊಮ್ಮೆ ಅಂಗಡಿಯನ್ನೇ ಮುಚ್ಚುವವರೆಗೂ "ನಮ್ಮಲ್ಲಿ ಛಲೋ ನಡೀತದ" ಎಂಬ ಮಾತನ್ನು ಯಾವ ಗಿರಾಕಿಗೂ ಹೇಳಲಿಲ್ಲ.