ಗಾಣದ ಮುಂದಿನ ಕಟ್ಟೆ

ಮೊನ್ನೆ ಎದುರುಮನೆಯಲ್ಲಿ ಬಾಣಂತಿಯ ತಲೆಗೆಂದು ಹರಳೆಣ್ಣೆ ಕಾಯಲಿಟ್ಟಿದ್ದರು. ಇಟ್ಟವರು ಮಾತಿಗೆ ಕೂತು ಮರೆತರೋ ಏನೋ, ಎಣ್ಣೆ ಸೀದು ಬೀದಿಯೆಲ್ಲ ಘಾಟು ಹರಡಿತು. ನಮ್ಮ ಮನೆಯವರು ಮೂಗಿಗೆ ಬಟ್ಟೆ ಹಿಡಿದುಕೊಂಡು ಒಳಗೆ ಓಡಿದರು. ನಾನೊಬ್ಬ ಜಗುಲಿಯ ಮೇಲೆ ಹಾಗೇ ಕೂತಿದ್ದೆ. ಸೀದ ಹರಳೆಣ್ಣೆ ಎಂದರೆ ನನಗೆ ಮೋಟಾರು ಸೈಕಲ್ಲಿನ ಹೊಗೆ. ಆ ಹೊಗೆಯ ಹಿಂದೆಯೇ ಒಬ್ಬ ಮುದುಕನ ಮುಖ ಬರುತ್ತದೆ. ಬರದಿದ್ದರೆ ಒಳ್ಳೆಯದಿತ್ತು ಅಂದುಕೊಳ್ಳುತ್ತೇನೆ, ಆದರೂ ಬರುತ್ತದೆ...

ಮೂವತ್ತರ ದಶಕದ ಮೊದಲ ವರ್ಷಗಳು. ನಾನು ತುಮಕೂರು ಸೀಮೆಯವನು. ಹೊಟ್ಟೆಪಾಡಿಗೆ ಸೋಲಾಪುರದ ಒಬ್ಬ ಹತ್ತಿ ವ್ಯಾಪಾರಿಯ ಬಳಿ ಕೆಲಸಕ್ಕೆ ಸೇರಿದ್ದೆ. ಸಾವುಕಾರರು ನನ್ನನ್ನು ಅಕ್ಕಲಕೋಟೆಯಲ್ಲಿ ಇಟ್ಟಿದ್ದರು. ಸುತ್ತಲ ಹಳ್ಳಿಗಳಿಗೆ ಹೋಗಿ ಹೊಲದಲ್ಲಿ ಹತ್ತಿ ಹೇಗೆ ಬಂದಿದೆ ನೋಡುವುದು, ಗೌಡರ ಜೊತೆ ಮಾತಾಡಿ ಬರುವುದು, ಇಷ್ಟೇ ಕೆಲಸ. ಸೋಲಾಪುರ ಇಂಗ್ರೇಜಿ ಸರಕಾರದ್ದು, ಅಕ್ಕಲಕೋಟೆ ಬೇರೆ ರಾಜರ ಸಂಸ್ಥಾನ, ನಾನು ಮೈಸೂರು ಮಹಾರಾಜರ ಪ್ರಜೆ. ಹೀಗಾಗಿ ಎರಡೂ ಕಡೆ ನಾನು ಪರದೇಶದವನೇ. ನಾನು ಬಾಯಿ ಬಿಟ್ಟರೆ ಓಣಿಯ ಹೆಂಗಸರು ನಗುತ್ತಿದ್ದರು. ಅವರ ಕನ್ನಡದಲ್ಲಿ ಅರ್ಧ ಮರಾಠಿ. ಮೊದಲ ಆರು ತಿಂಗಳು ಅಂಗಡಿಗೆ ಹೋಗಿ ಬೇಳೆ ಕೇಳಿ ತರುವುದೂ ನನಗೆ ದೊಡ್ಡ ಸಾಹಸವೇ.

ಆ ಊರಲ್ಲಿ ನನಗೊಂದಿಷ್ಟು ಮರ್ಯಾದೆ ಸಿಕ್ಕಿದ್ದರೆ ಅದು ನನ್ನ ಫಟಫಟಿಯಿಂದ. ಸೋಲಾಪುರದ ಗಿರಣಿಯೊಂದರಲ್ಲಿದ್ದ ಇಂಗ್ರೇಜಿ ಸಾಹೇಬ ತನ್ನ ದೇಶಕ್ಕೆ ಮರಳುವಾಗ ಮಾರಿ ಹೋದ ಸಣ್ಣ ಗಾಡಿ ಅದು. ಚೈನಿಲ್ಲ, ತೊಗಲಿನ ಪಟ್ಟಿಯೇ ಹಿಂದಿನ ಗಾಲಿ ತಿರುಗಿಸುತ್ತಿತ್ತು. ಪಟ್ಟಿ ಸಡಿಲಾದಾಗ ದಾರಿಯಲ್ಲೇ ಕೂತು ಚಾಕುವಿನಿಂದ ಒಂದಿಷ್ಟು ಕತ್ತರಿಸಿ ಮತ್ತೆ ಕೊಂಡಿ ಹಾಕಬೇಕು. ಪ್ಲಗ್ಗು ಬಿಚ್ಚಿ ಮಸಿ ಉಜ್ಜುವುದು, ವಾಲ್ವು ತಿಕ್ಕುವುದು ಎಲ್ಲ ನಾನೇ ಕಲಿತೆ. ಕಲಿಸುವವರು ಅಲ್ಲಿ ಯಾರಿದ್ದರು? ಇಂಜಿನ್ನಿಗೆ ಎಣ್ಣೆ ತಾನಾಗಿ ಹೋಗುತ್ತಿರಲಿಲ್ಲ. ಟ್ಯಾಂಕಿನ ಬಳಿ ಒಂದು ಸಣ್ಣ ಕೈಪಂಪು ಇತ್ತು. ಐದಾರು ಮೈಲಿಗೊಮ್ಮೆ ಅದನ್ನು ಒತ್ತಿ ಒಂದು ಗುಟುಕು ಎಣ್ಣೆ ಕುಡಿಸಬೇಕು. ಆ ಎಣ್ಣೆ ಹರಳೆಣ್ಣೆ, ಅಲ್ಲಿಯವರ ಮಾತಿನಲ್ಲಿ ಔಡಲೆಣ್ಣೆ.

ಅದನ್ನು ಕೊಡುತ್ತಿದ್ದವನು ನಮ್ಮ ಓಣಿಯ ಗಾಣದ ಕಾಕಾ. ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅಂದೆ. ಬೇರೆಯವರು ಔಡಲ ಹುರಿದು, ಕುದಿಸಿ ಎಣ್ಣೆ ತೆಗೆಯುತ್ತಿದ್ದರು. ಕಾಕಾ ಮೊದಲ ದಿನವೇ ನನ್ನ ಗಾಡಿಯ ಸುತ್ತ ಎರಡು ಸುತ್ತು ಬಂದು, ಇಂಜಿನ್ನು ಮುಟ್ಟಿ ಬೆರಳು ಸುಟ್ಟುಕೊಂಡು, "ಅಯ್ಯ ಇದರ! ಕುದಿಸಿದ್ರಾಗ ನೀರಿನ ಪಸಿ ಉಳಿತೈತ್ರಿ ಸಾಹೇಬ್ರ. ಈ ಉರಿಗಿ ಅದು ನಡಿಯಾಂಗಿಲ್ಲ. ನಿಮಗ ಬ್ಯಾರೆ ಗಾಣದಾಗ ಒಣಾದ್ದಽ ಹಾಕಿ ಕೊಡತೀನಿ" ಎಂದ. ಉಣ್ಣುವ ಎಣ್ಣೆಯ ಗಾಣಕ್ಕೆ ಔಡಲ ಮುಟ್ಟಿಸುವವನಲ್ಲ ಅವನು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಸಣ್ಣ ಗಾಣವನ್ನು ನನಗಾಗಿಯೇ ಸರಿಮಾಡಿಕೊಂಡ. ಜೊತೆಗೆ ಒಂದು ಮಾತು ಹೇಳಿದ್ದ: "ಇದರಾಗ ಕುಸಬಿ ಎಣ್ಣಿ ಮಾತ್ರ ಹಾಕಬ್ಯಾಡ್ರಿ. ಬಾವಿ ನೀರ ಎಳಿಯೋ ತೊಗಲಿನ ಚೀಲಕ್ಕ ನಾವು ಅದನ್ನ ಕಾಸಿ ಬಳಿತೀವಿ. ಒಣಗಿದ ಮ್ಯಾಲ ಅರಗಿನಂಗ ಕಚ್ಚಿ ಹಿಡಿತೈತಿ." ನಾನು ಆಯ್ತು ಎಂದೆ. ಇಂಜಿನ್ನು ಬಿಚ್ಚುವ ನನಗೆ ಗಾಣ ಹೊಡೆಯುವವನು ಬುದ್ಧಿ ಹೇಳುವುದೇ ಎಂದು ಒಳಗೊಳಗೇ ನಕ್ಕಿದ್ದೂ ನಿಜ.

ಆಗೆಲ್ಲ ಜನ ಮನೆಯ ಕುಸುಬೆಯನ್ನೋ ಶೇಂಗಾವನ್ನೋ ಚೀಲದಲ್ಲಿ ತಂದು ಗಾಣಕ್ಕೆ ಹಾಕಿಸುತ್ತಿದ್ದರು. ಹಾಕಿಸಿದವರು ಗಾಣದ ಮುಂದಿನ ಕಟ್ಟೆಯ ಮೇಲೆ ಕೂತು ಎಣ್ಣೆ ಇಳಿಯುವ ತನಕ ಕಣ್ಣಿಡುವುದು ಎಲ್ಲ ಕಡೆಯ ಪದ್ಧತಿ. ಒಂದು ಹಿಡಿ ಕಾಳು ಆಚೆ ಸರಿದರೂ, ಬೇರೆ ಎಣ್ಣೆ ಬೆರೆತರೂ ಗೊತ್ತಾಗಬೇಕಲ್ಲ. ಕಾಕಾನ ಗಾಣದ ಮುಂದೆಯೂ ಕಲ್ಲಿನ ಕಟ್ಟೆ ಇತ್ತು. ಅದರ ಮೇಲೆ ಮಾತ್ರ ಯಾರೂ ಕೂಡುತ್ತಿರಲಿಲ್ಲ. ಚೀಲ ಇಳಿಸಿ, "ಕಾಕಾ, ಸಂಜಿಗಿ ಬರ್ತೀನಿ" ಎಂದು ಹೋಗಿಬಿಡುವರು. ಅವನ ಅಪ್ಪನ ಕಾಲದಿಂದಲೂ ಹಾಗೇ. ಒಮ್ಮೆ ನಾನು ಬಿಸಿಲಿಗೆ ದಣಿದು ಆ ಕಟ್ಟೆಯ ಮೇಲೆ ಕೂರಲು ಹೋದೆ. ಕಾಕಾ ಓಡಿ ಬಂದ. "ಅಲ್ಲಿ ಬ್ಯಾಡ್ರಿ ಸಾಹೇಬ್ರ, ಒಳಗ ಬರ್ರಿ. ಅಲ್ಲಿ ಯಾರರೆ ಕುಂತ್ರ, ಹಾದ್ಯಾಗ ಹೋಗವ್ರು ಈ ಮುದುಕನ ಮ್ಯಾಲ ಇಸ್ವಾಸ ಹೋಗೇತಿ ಅಂತ ತಿಳಕೋತಾರ." ನಗುತ್ತಲೇ ಹೇಳಿದ, ಆದರೆ ಒಳಗೆ ಕರೆದುಕೊಂಡು ಹೋಗುವ ತನಕ ನನ್ನ ಕೈ ಬಿಡಲಿಲ್ಲ.

ಆ ಸಲ ನನ್ನ ಔಡಲೆಣ್ಣೆ ತೀರಿದ್ದು ಒಂದು ಸೋಮವಾರ. ದುಧನಿ ಕಡೆ ಹೋಗುವುದಿತ್ತು. ಕಾಕಾನ ಮನೆಗೆ ಹೋದರೆ ಎತ್ತು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಮೆಲುಕು ಹಾಕುತ್ತಿತ್ತು. "ಇವತ್ತ ಸ್ವಾಮಾರಲ್ರಿ. ಬಸವಣ್ಣನ ಹೆಗಲಿಗಿ ನೊಗಾ ಇಡಾಂಗಿಲ್ಲ. ನಾಳಿ ನಾನಽ ಮನಿಗಿ ತಂದ ಕೊಡತೀನಿ, ಒಂದ ದಿನಾ ತಡಕೋರಿ" ಎಂದ. ನನಗೆ ಸಿಟ್ಟು ಬಂತು. ಒಂದು ದಿನ ತಡೆದಿದ್ದರೆ ಯಾವ ಗಂಟು ಹೋಗುತ್ತಿತ್ತು? ಏನೂ ಇಲ್ಲ. ದುಧನಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಆದರೂ ಮನೆಗೆ ಬಂದು, ಒಲೆಯ ಪಕ್ಕದಲ್ಲಿದ್ದ ಕುಸುಬೆ ಎಣ್ಣೆಯ ಡಬ್ಬಿ ಎತ್ತಿ ಗಾಡಿಗೆ ಸುರಿದೆ. ಅಡುಗೆಗೆಂದು ತಂದಿದ್ದ ಆ ಎಣ್ಣೆಯೂ ಕಾಕಾನ ಗಾಣದ್ದೇ.

ಗಾಡಿ ಬೆಣ್ಣೆಯ ಹಾಗೆ ಓಡಿತು. ಮುದುಕ ಸುಮ್ಮನೆ ಹೆದರಿಸಿದ್ದ ಅಂದುಕೊಂಡೆ. ಮರುದಿನ ಅವನು ಹೇಳಿದಂತೆ ಔಡಲೆಣ್ಣೆ ತಂದುಕೊಟ್ಟ. ನಾನು ಅದನ್ನು ಮೂಲೆಯಲ್ಲಿಟ್ಟು, ಡಬ್ಬಿಯಲ್ಲಿ ಉಳಿದದ್ದು ಮುಗಿಯಲಿ ಎಂದು ಇನ್ನೂ ಮೂರು ದಿನ ಕುಸುಬೆ ಎಣ್ಣೆಯನ್ನೇ ಹಾಕಿದೆ. ಆಮೇಲೆ ರೈಲಿನಲ್ಲಿ ಸೋಲಾಪುರಕ್ಕೆ ಹೋಗಿ ಎಂಟು ದಿನ ಅಲ್ಲೇ ಇದ್ದೆ, ಗಾಡಿ ನಿಂತಲ್ಲೇ ನಿಂತಿತ್ತು. ಬಂದವನು ಔಡಲೆಣ್ಣೆ ಹಾಕಿದೆ, ಕುಸುಬೆಯ ವಿಷಯ ಮರೆತೂಬಿಟ್ಟೆ.

ಮರುದಿನವೇ ವಳಸಂಗದಲ್ಲಿ ಸಾವುಕಾರರ ಮಗಳ ನಿಶ್ಚಯ. ಹೆಂಗಸರೆಲ್ಲ ಸೋಲಾಪುರದಿಂದ ಟಾಂಗಾದಲ್ಲಿ ಹೋಗಿದ್ದರು. ಕೆಲಸಕ್ಕೆಂದು ಅಕ್ಕಲಕೋಟೆಗೆ ಬಂದಿದ್ದ ಸಾವುಕಾರರು ಬೀಗರ ಬಾಗಿಲಲ್ಲಿ ಫಟಫಟಿಯಿಂದಲೇ ಇಳಿಯಬೇಕೆಂದು ಹಟ ಹಿಡಿದರು. ಹಿಂದಿನ ಕ್ಯಾರಿಯರಿಗೆ ಒಂದು ದಿಂಬು ಕಟ್ಟಿದೆ. ಜರಿ ರುಮಾಲು ಸುತ್ತಿಕೊಂಡು, ರೇಷ್ಮೆ ಧೋತರ ಮೊಣಕಾಲ ತನಕ ಎತ್ತಿಕೊಂಡು ಕೂತರು. ವಳಸಂಗ ಇನ್ನೂ ನಾಲ್ಕು ಮೈಲಿ ಅನ್ನುವಾಗ ಗಾಡಿ ಒಮ್ಮೆ ಕಿರುಚಿ ಗಪ್ಪನೆ ನಿಂತಿತು. ಹಿಂದೆ ಕೂತಿದ್ದ ಸಾವುಕಾರರು ಮುಗ್ಗರಿಸಿ ಬಂದು ನನ್ನ ಬೆನ್ನಿಗೆ ಬಡಿದುಕೊಂಡರು, ರುಮಾಲು ಧೂಳಿಗೆ ಬಿತ್ತು. ಎಷ್ಟು ತಳ್ಳಿದರೂ ಇಂಜಿನ್ನು ಅಲುಗಲೊಲ್ಲದು. ಕೊನೆಗೆ ಜೋಳದ ಕಣಿಕೆ ಹೇರಿದ ಚಕ್ಕಡಿಯೊಂದು ಸಿಕ್ಕಿತು. ಕಣಿಕೆಯ ಮೇಲೆ ಸಾವುಕಾರರು, ಹಿಂದೆ ಹಗ್ಗ ಕಟ್ಟಿದ ಗಾಡಿ ಹಿಡಿದುಕೊಂಡು ನಾನು. ಮುಟ್ಟುವ ಹೊತ್ತಿಗೆ ಮುಹೂರ್ತ ಮೀರಿ, ಬೀಗರು ಮುಖ ಗಂಟಿಕ್ಕಿಕೊಂಡು ಕೂತಿದ್ದರು.

ಚಪ್ಪರದ ತುಂಬ ಜನ. ಆಸುಪಾಸಿನ ಊರುಗಳ ನೆಂಟರೆಲ್ಲ ಅಲ್ಲಿ. ಸಾವುಕಾರರಿಗೆ ಯಾರ ಮೇಲಾದರೂ ಹಾಯಬೇಕಿತ್ತು.

"ಏನ್ ಎಣ್ಣಿ ಹಾಕಿದ್ದಿಪಾ ಅದಕ್ಕ?"

"ಔಡಲೆಣ್ಣೆ."

"ಯಾರ್ ಕಡಿಂದ ತಂದಿದ್ದಿ?"

"ನಮ್ಮ ಓಣಿಯ ಗಾಣದ ಕಾಕಾನದು" ಎಂದೆ.

"ಹಂಗಾರ ಭೇಸಳ ಮಾಡ್ಯಾನ! ಔಡಲದಾಗ ಏನರೆ ಬೆರಸ್ಯಾನ ಆ ಮುದುಕ. ಇನ್ನ ಉಣ್ಣೋ ಎಣ್ಣ್ಯಾಗ ಏನೇನ್ ಹಾಕತಾನೋ!"

ಭೇಸಳ ಎಂದರೆ ಅಲ್ಲಿ ಕಲಬೆರಕೆ. ಗಾಣಿಗನಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಆ ಗಳಿಗೆಯಲ್ಲೇ ನನಗೆ ಕುಸುಬೆಯ ಡಬ್ಬಿ ನೆನಪಾಯಿತು. ನೆನಪಾಗಲಿಲ್ಲ ಎಂದು ಬರೆದುಬಿಡಲು ಈಗಲೂ ಮನಸ್ಸಾಗುತ್ತದೆ. ನೆನಪಾಯಿತು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕೆಲಸ ಹೋದೀತೆಂಬ ಭಯ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಅಷ್ಟು ಜನರೆದುರು ನಾನು ಗಾಡಿಯ ವಿಷಯದಲ್ಲಿ ದಡ್ಡ ಎಂದು ಒಪ್ಪಿಕೊಳ್ಳಲಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕುವುದನ್ನು ನೋಡುತ್ತಾ ಬೀಗರ ಮನೆಯ ಹೋಳಿಗೆ ಎರಡು ಹೆಚ್ಚೇ ತಿಂದೆ.

ಅಕ್ಕಲಕೋಟೆಗೆ ಮರಳಿ ನಾನು ಮನೆಯ ಅಂಗಳದಲ್ಲಿ ಇಂಜಿನ್ನು ಬಿಚ್ಚಿ ಕೂತಿದ್ದಾಗ ಕಾಕಾ ತಾನೇ ಬಂದ. ಚಪ್ಪರದಲ್ಲಿ ಆಡಿದ ಮಾತು ಆಗಲೇ ಅವನ ಕಿವಿಗೆ ಬಿದ್ದಿತ್ತು. "ಒಂದೀಟ ನೋಡ್ಲ್ಯಾ?" ಎಂದು ಕೇಳಿ ಕೆಳಗೆ ಕೂತ. ಪಿಸ್ಟನ್ನಿನ ಬಳೆಗಳ ಸುತ್ತ ಹಳದಿ ಅಂಟು ಗಟ್ಟಿಯಾಗಿ ಹಿಡಿದಿತ್ತು. ಉಗುರಿನಿಂದ ಒಂದಿಷ್ಟು ಕೆರೆದು ಮೂಸಿದ. ಮತ್ತೊಮ್ಮೆ ಮೂಸಿದ. ಆಮೇಲೆ ನನ್ನ ಮುಖ ನೋಡಿದ. "ಕಾಕಾ, ಅದು..." ಎಂದು ಶುರುಮಾಡಿದೆ. ಅವನು ಕಾದ. ನಾನು ತಲೆ ಬಗ್ಗಿಸಿ ಚಿಂದಿಯಿಂದ ಪಿಸ್ಟನ್ನು ಉಜ್ಜತೊಡಗಿದೆ. "ಬರ್ತೀನ್ರಿ ಸಾಹೇಬ್ರ" ಎಂದು ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಹೋದ. ಗಾಡಿಯ ಸಂಗತಿ ಅವನಿಗೇನು ತಿಳಿದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾಲ್ಕು ದಿನ ಕಳೆದಿರಬೇಕು. ಓಣಿಯ ಒಬ್ಬ ಅಜ್ಜಿ ಶೇಂಗಾದ ಚೀಲ ಇಳಿಸಿ, ಮನೆಗೆ ಹೋಗದೆ, ಸೀರೆಯ ಸೆರಗಿನಿಂದ ಕಟ್ಟೆಯ ಧೂಳು ಕೊಡವಿ ಕೂತಳು. ನಾನು ಆಚೆ ಬದಿಯಲ್ಲಿ ನಿಂತಿದ್ದೆ. ಕಾಕಾ ಗಾಣದ ಪಕ್ಕದಲ್ಲೇ ನಿಂತುಬಿಟ್ಟ.

"ಯಾಕ ಯಕ್ಕಾ, ಕುಂತಿ?"

"ಏನಿಲ್ಲಪಾ, ಮನ್ಯಾಗ ಬ್ಯಾಸರಾತು... ಹಂಗಽ ಕುಂತೀನಿ."

ಕಾಕಾ ಗಾಣದ ಕಡೆ ತಿರುಗಿ ಎತ್ತು ಹೂಡಿದ. ಅಜ್ಜಿ ಎಣ್ಣೆ ಇಳಿಯುವ ತನಕ ಕಣ್ಣು ಕೀಳಲಿಲ್ಲ. ಮರುದಿನ ಇಬ್ಬರು ಕೂತರು. ಆ ವಾರದ ಸಂತೆಯ ದಿನ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾನು ಅಂಟು ಕೆರೆದು ಸರಿಮಾಡಿದ ಗಾಡಿಯನ್ನು ಕಾಕಾನ ಕಣ್ಣಿಗೆ ಬೀಳದಂತೆ ಹಿಂದಿನ ಓಣಿಯಿಂದ ತಳ್ಳಿಕೊಂಡು ಓಡಾಡಿದೆ. ಎರಡನೆಯ ಸಂತೆ ಕಳೆದ ಮೇಲೆ ಗಾಣ ನಿಂತಿತು. "ಕಾವಲಿಟ್ಟ ಗಾಣಾ ನಾ ಹೊಡಿಯಾಂಗಿಲ್ಲ" ಅಂದನಂತೆ. ದುಧನಿಯಲ್ಲಿ ಯಾರೋ ನೆಂಟರ ಗಾಣದಲ್ಲಿ ಆಳಾಗಿ ದುಡಿಯಲು ಹೋದ. ಆ ವಯಸ್ಸಿನಲ್ಲಿ...

ನಾನು ಸೋಲಾಪುರದಿಂದ ಡಬ್ಬಿಯ ಎಣ್ಣೆ ತರಿಸಿಕೊಂಡು ಇನ್ನೂ ನಾಲ್ಕು ವರ್ಷ ಅದೇ ಗಾಡಿ ಓಡಿಸಿದೆ. ಕೆಲಸ ಬಿಟ್ಟು ಊರಿಗೆ ಮರಳುವ ದಿನ ಮಾತ್ರ ತಡೆಯಲಾಗಲಿಲ್ಲ. ರೈಲು ಹತ್ತಲು ದುಧನಿಗೇ ಹೋಗಿ, ಸ್ಟೇಷನ್ನಿಗೆ ಹೋಗುವ ಮೊದಲು ಅವನನ್ನು ಹುಡುಕಿಕೊಂಡು ಹೋದೆ. ಬಹಳ ಬಾಗಿದ್ದ. ನೋಡಿದೊಡನೆ, "ಸಾಹೇಬ್ರು ಬಂದ್ರಲ್ಲ, ಬರ್ರಿ ಬರ್ರಿ" ಎಂದು ತನ್ನ ಕಂಬಳಿ ಹಾಸಿದ. ನಾನು ಕೂರದೆ, ನಿಂತೇ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಸೋಮವಾರ, ಕುಸುಬೆಯ ಡಬ್ಬಿ, ವಳಸಂಗದ ಚಪ್ಪರ, ಎಲ್ಲ.

"ಗೊತ್ತೈತ್ರಿ" ಎಂದ. "ಉಗುರಿಗಿ ಹತ್ತಿದ್ದು ಮೂಸಿದಾಗಽ ಗೊತ್ತಾತು. ಹುಟ್ಟಿದಾಗಿಂದ ಆ ವಾಸನ್ಯಾಗಽ ಬೆಳದಾಂವ ನಾ."

"ಮತ್ತೆ ನೀನು ಯಾಕೆ ಯಾರಿಗೂ ಹೇಳಲಿಲ್ಲ, ಕಾಕಾ?"

"ಎಣ್ಣಿ ಮಾರಾಂವ ತನ್ನ ಎಣ್ಣಿ ಚಲೋ ಐತಿ ಅಂದ್ರ ಯಾರ್ ನಂಬತಾರ್ರಿ? ಅದನ್ನ ನೀವಽ ಹೇಳಬೇಕಾಗಿತ್ತು. ಇವತ್ತ ಹೇಳತಾರ, ನಾಳಿ ಹೇಳತಾರ ಅಂತ ಎರಡ ಸಂತಿ ಹಾದಿ ನೋಡಿದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೋ ಏನೋ. "ಈಗ ಹೇಳ್ತೀನಿ ಕಾಕಾ, ಇವತ್ತೇ ಅಕ್ಕಲಕೋಟೆಗೆ ವಾಪಸು ಹೋಗಿ, ಓಣಿಯವರನ್ನೆಲ್ಲ ಸೇರಿಸಿ..." ಎಂದೆ. ಅವನು ನನ್ನ ಪೆಟ್ಟಿಗೆಯ ಕಡೆ ನೋಡಿದ. "ನಿಮ್ಮ ರೈಲಿನ ಹೊತ್ತಾತು, ಹೋಗ್ರಿ" ಎಂದ. ನಾನು ಹೋದೆ. ರೈಲು ಹತ್ತಿದೆ.

ಕಾಕಾ ತೀರಿಹೋಗಿ ಎಷ್ಟೋ ವರ್ಷವಾಯಿತು ಎಂದು ಆ ಕಡೆಯಿಂದ ಬಂದವರೊಬ್ಬರು ಹೇಳಿದರು. ಅವನ ಹೆಸರಿಗೆ ಹತ್ತಿದ ಮಸಿಯನ್ನು ಇಲ್ಲಿ ಒರೆಸಿದೆನೆಂದು ಓದುವವರು ತಿಳಿಯಬಾರದು. ಆ ಊರು ಈಗ ಮಹಾರಾಷ್ಟ್ರಕ್ಕೆ ಸೇರಿದೆ. ಮನೆಯಲ್ಲಿ ಕನ್ನಡ ಆಡಿದರೂ ಮಕ್ಕಳು ಓದುವುದು ಮರಾಠಿ ಸಾಲೆಯಲ್ಲಿ. ನಾನು ಬರೆದದ್ದು ಆ ಓಣಿಯ ಒಬ್ಬರ ಕಣ್ಣಿಗೂ ಬೀಳಲಾರದು. ಅದು ಗೊತ್ತಿದ್ದೇ ಇಷ್ಟು ಧೈರ್ಯವಾಗಿ ಬರೆದಿದ್ದೇನೆ.