ಬೋರಪಾಡಾ ಕೆರೆಯ ಜಾಕೆಟ್ ಮಾವಶಿ

ಬೆಳಗಿನ ಐದೂಕಾಲು. ಬೋರಪಾಡಾ ಕೆರೆಯ ಮೇಲೆ ತೆಳು ಮಂಜು ಕೂತಿದೆ. ದಂಡೆಯ ತಗಡಿನ ಶೆಡ್ಡಿನ ಮುಂದೆ ಮೂರು ನೀಲಿ ಡ್ರಮ್ಮುಗಳು, ಮೂರರಲ್ಲೂ ಕಂಠದವರೆಗೆ ನೀರು. ಧುರ್ಪದಾ ಭೋಯಿರ್ ಒಂಬತ್ತು ಗಜದ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕಿತ್ತಳೆ ಬಣ್ಣದ ಪುಟ್ಟ ಲೈಫ್ ಜಾಕೆಟ್ ಒಂದಕ್ಕೆ ಕಬ್ಬಿಣದ ಎರಡು ತೂಕದ ಕಲ್ಲು ಬಿಗಿದು ಮೊದಲ ಡ್ರಮ್ಮಿಗೆ ಇಳಿಬಿಡುತ್ತಾರೆ. ಎರಡನೆಯದಕ್ಕೆ ಇನ್ನೊಂದು, ಮೂರನೆಯದಕ್ಕೆ ಮತ್ತೊಂದು. ಆಮೇಲೆ ಕಲ್ಲುಬೆಂಚಿನ ಮೇಲೆ ಕೂತು, ಮನೆಯಿಂದ ತಂದ ಚಹಾವನ್ನು ಲೋಟಕ್ಕೆ ಬಗ್ಗಿಸಿಕೊಳ್ಳುತ್ತಾರೆ.

ಅವರ ಹತ್ತಿರ ಗಡಿಯಾರವಿಲ್ಲ. ಒಂದು ಲೋಟ ಚಹಾ ಮುಗಿಯುವವರೆಗೆ ಕಲ್ಲು ಹೊತ್ತು ನೀರಿನ ಮೇಲೆ ನಿಂತ ಜಾಕೆಟ್ ಪಾಸು, ಅಷ್ಟರೊಳಗೆ ತಳ ಕಂಡದ್ದು ಫೇಲು. ಮೊದಲ ಸುತ್ತಿಗೆ ಚಹಾ, ಉಳಿದ ಸುತ್ತುಗಳಿಗೆ ಅದೇ ಅಂದಾಜು. "ಚಹಾ ಸುಡುಸುಡು ಇರ್ಬೇಕು ನೋಡಿ. ಆರಿದ್ದಾದ್ರೆ ಗಟಗಟ ಕುಡಿದು ಎಲ್ಲಾನೂ ಸುಳ್ಳು ಪಾಸ್ ಮಾಡ್ಬಿಡ್ತೀನಿ," ಎನ್ನುತ್ತಾರೆ.

ಇಂದು ದೀಪಾವಳಿ ರಜೆಯ ಕಡೆಯ ಭಾನುವಾರ. ವರ್ಷದಲ್ಲಿ ಕೆರೆಗೆ ಇದಕ್ಕಿಂತ ಹೆಚ್ಚು ಜನ ಬರುವ ದಿನವಿಲ್ಲ. ಧುರ್ಪದಾ ಅವರಿಗೆ ಬಹುಶಃ ಇದು ಕೆಲಸದ ಕಡೆಯ ದಿನವೂ ಹೌದು. ದೋಣಿ ಗುತ್ತಿಗೆದಾರ ನರೇಶ ಮ್ಹಾತ್ರೆ, ಊರವರ ಬಾಯಲ್ಲಿ ನರೇಶ ಶೇಠ್, ನಿನ್ನೆ ಸಂಜೆ "ಸೋಮವಾರದಿಂದ ಬರಬೇಡ" ಎಂದು ಹೇಳಿ ಹೋಗಿದ್ದಾರೆ. ಅದಕ್ಕೆ ಕಾರಣ ಶೆಡ್ಡಿನ ಹಿಂದೆ ರಾಶಿ ಬಿದ್ದಿದೆ: ಮಕ್ಕಳ ಹದಿನೇಳು ಜಾಕೆಟ್ಟುಗಳು, ಹದಿನೇಳರ ಪಟ್ಟಿಯೂ ಬುಡಕ್ಕೆ ಕತ್ತರಿಸಿದೆ. ಮೀನು ಹೆಚ್ಚುವ ಈಳಿಗೆಮಣೆ ಮನೆಯಿಂದ ತಂದು ಕತ್ತರಿಸಿದವರು ಧುರ್ಪದಾ ಅವರೇ.

ಅವರಿಗೀಗ ಐವತ್ತನಾಲ್ಕು. ಕೆರೆಗೆ ಬರುವ ದೊಡ್ಡವರಿಗೂ ಮಕ್ಕಳಿಗೂ ಅವರು ಜಾಕೆಟ್ ಮಾವಶಿ, ಅಂದರೆ ಜಾಕೆಟ್ ಚಿಕ್ಕಮ್ಮ. ನಿಜವಾದ ಹೆಸರು ಕೇಳಿದವರು ಕಡಿಮೆ, ಕೇಳುವ ಪುರುಸೊತ್ತೂ ಯಾರಿಗಿಲ್ಲ. ಶನಿವಾರ ಮಧ್ಯಾಹ್ನದಿಂದ ಕಲ್ಯಾಣ, ಡೊಂಬಿವಲಿ, ಠಾಣೆಯ ಕಾರುಗಳು ಸಾಲುಗಟ್ಟುತ್ತವೆ. ಕೆರೆಯ ಸುತ್ತ ಹಬ್ಬಿದ ಬಡಾವಣೆಯಲ್ಲಿ ಅರ್ಧ ಮನೆಗಳು ಈಗ ಒಂದು ರಾತ್ರಿ ತಂಗುವವರಿಗೆ. ಮಕ್ಕಳಿಗೆ ಚುಕುಬುಕು ರೈಲು, ಅಮ್ಮಂದಿರಿಗೆ ಸುಟ್ಟ ಜೋಳ, ಅಜ್ಜಂದಿರಿಗೆ ಮೀನಿಗೆ ಎರಚಲು ಮಂಡಕ್ಕಿ, ಅಪ್ಪಂದಿರಿಗೆ ಫೋಟೊ ತೆಗೆಯುವ ಕೆಲಸ. ಇಷ್ಟೆಲ್ಲ ಮುಗಿದ ಮೇಲೆ ಎಲ್ಲರೂ ಬಂದು ಸೇರುವುದು ದೋಣಿಕಟ್ಟೆಗೇ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಹಂಸದ ಮೂತಿಯ, ಕಾಲಲ್ಲಿ ತುಳಿದು ನಡೆಸುವ ದೋಣಿಗಳು ಇಪ್ಪತ್ತೆರಡು. ಜಾಕೆಟ್ಟುಗಳು ಎಂಬತ್ತಾರು, ಅದರಲ್ಲಿ ಮಕ್ಕಳವು ನಲವತ್ತು. ಸಾಧಾರಣ ಭಾನುವಾರ ಆರುನೂರು ಜನ ದೋಣಿ ಹತ್ತುತ್ತಾರೆ, ಅಂದರೆ ಒಂದೊಂದು ಜಾಕೆಟ್ ದಿನಕ್ಕೆ ಏಳು ಮೈ ಬದಲಾಯಿಸುತ್ತದೆ. ಬೆವರು, ಭೇಲ್ ಚಟ್ನಿ, ಐಸ್‌ಕ್ರೀಮು, ಕೂಸುಗಳ ಉಚ್ಚೆ, ಎಲ್ಲವೂ ಅದರ ಮೇಲೆ. ಅವನ್ನು ಒಗೆದು ನೆರಳಲ್ಲಿ ಒಣಹಾಕಿ, ಮರುದಿನ ಬಂದವರಿಗೆ ತೊಡಿಸುವುದಕ್ಕೆ ಮಾವಶಿಯನ್ನು ಕೆಲಸಕ್ಕೆ ಇಟ್ಟುಕೊಂಡದ್ದು. ಡ್ರಮ್ಮು, ತೂಕದ ಕಲ್ಲು, ಚಹಾದ ಪರೀಕ್ಷೆ ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ದಿನಕ್ಕೆ ಇಪ್ಪತ್ತೆಂಟರಂತೆ ಮೂರು ದಿನಕ್ಕೊಮ್ಮೆ ಹೆಚ್ಚುಕಡಿಮೆ ಪ್ರತಿಯೊಂದು ಜಾಕೆಟ್ಟಿನ ಸರದಿ ಬರುತ್ತದೆ.

ಇದರ ಬೇರು ಬಲೆಯಲ್ಲಿದೆ. ಕೆರೆಯನ್ನು ವಿಹಾರಕ್ಕೆ ಬಿಟ್ಟುಕೊಡುವ ಮೊದಲು ಭೋಯಿರ್ ಮನೆಯವರು ಇದೇ ನೀರಲ್ಲಿ ಬಲೆ ಬೀಸುತ್ತಿದ್ದರು. ಧುರ್ಪದಾ ಮದುವೆಯಾಗಿ ಬಂದ ಮೊದಲ ವಾರವೇ ಮಾವ ಅವರ ಮುಂದೆ ಬಲೆ ತೇಲಿಸುವ ಬೆಂಡುಗಳನ್ನು ಸುರಿದು, ಒಂದೊಂದನ್ನೂ ಕಲ್ಲು ಕಟ್ಟಿ ಹಂಡೆಯಲ್ಲಿ ಬಿಡಲು ಹೇಳಿದ್ದರಂತೆ. "ಬೆಂಡು ನೋಡೋಕೆ ಎಲ್ಲಾ ಒಂದೇ ಥರ ಇರುತ್ತೆ ಸೂನ್‌ಬಾಯಿ, ನೀರಿಗೆ ಬಿಟ್ರೇನೇ ಬಣ್ಣ ಬಯಲು," ಎಂದಿದ್ದರು. ಸೂನ್‌ಬಾಯಿ ಎಂದರೆ ಸೊಸೆ. ಆ ತೂಕದ ಕಲ್ಲುಗಳೂ ಮೀನು ಮಾರುತ್ತಿದ್ದ ತಕ್ಕಡಿಯವೇ.

ಆದರೆ ಬಲೆಯ ಬೆಂಡು ಬೇರೆ, ಜಾಕೆಟ್ ಬೇರೆ. ಅದು ಅವರಿಗೆ ಗೊತ್ತಾದದ್ದು ತಡವಾಗಿ. ಮೊದಲ ವರ್ಷ ಅವರು ಜಾಕೆಟ್ಟುಗಳನ್ನು ಕಂಬಳಿಯ ಹಾಗೆ ಹಿಂಡಿ, ಬಂಡೆಗೆ ಬಡಿದು, ಉರಿಬಿಸಿಲಲ್ಲಿ ತಗಡಿನ ಮೇಲೆ ಒಣಹಾಕುತ್ತಿದ್ದರು. ನೋಡಿದವರೆಲ್ಲ ಎಷ್ಟು ಚೊಕ್ಕ ಎಂದು ಹೊಗಳಿದ್ದೂ ಹೊಗಳಿದ್ದೇ. ಒಂದು ದಿನ ಗಾಳಿಗೆ ಒಂದು ಜಾಕೆಟ್ ಹಾರಿ ಕೆರೆಗೆ ಬಿತ್ತು. ಮಾವಶಿ ಕೋಲು ತರಲು ಹೋಗಿ ಬರುವಷ್ಟರಲ್ಲಿ ಅದು ಕಾಣಲಿಲ್ಲ.

"ಮುದ್ದೆ ಥರ ಮುಳುಗಿಹೋಯ್ತು. ಒಳಗಿನ ಮೆತ್ತೆಯೆಲ್ಲ ಸತ್ತುಹೋಗಿತ್ತು. ಕೊಂದೋಳು ನಾನೇ. ಒಂದು ವರ್ಷ ಮಕ್ಕಳಿಗೆ ಅದನ್ನೇ ಕಟ್ಟಿ ಕಳಿಸಿದ್ನಲ್ಲ, ಯಾವ ದೇವರು ಕಾಪಾಡಿದ್ನೋ. ಆವತ್ತು ರಾತ್ರಿ ಅನ್ನ ಇಳೀಲಿಲ್ಲ," ಎನ್ನುತ್ತಾರೆ. ಇದನ್ನು ಹೇಳುವಾಗ ಅವರ ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಮರುದಿನ ಬೆಳಿಗ್ಗೆಯೇ ಡ್ರಮ್ಮುಗಳು ಬಂದವು.

ಈಗ ಅವರು ಹಿಂಡುವುದಿಲ್ಲ, ಬಡಿಯುವುದಿಲ್ಲ. ಆದರೆ ಬಂದವರನ್ನು ಹಿಡಿಯುವವರು ಯಾರು? ದೋಣಿಯಿಂದ ಇಳಿದವರು ಜಾಕೆಟ್ ವಾಪಸು ಕೊಡುವ ಬದಲು ಹುಲ್ಲಿನ ಮೇಲೆ ಹಾಸಿ, ಅದರ ಮೇಲೆ ಕೂತು, ಡಬ್ಬಿ ಬಿಚ್ಚಿ ಪೂರಿ ಭಾಜಿ ತಿನ್ನುತ್ತಾರೆ. ಊಟವಾದ ಮೇಲೆ ಅದೇ ತಲೆದಿಂಬು. ಎಂಬತ್ತು ಕಿಲೋದ ಅಪ್ಪ ಒಂದು ತಾಸು ಕೂತೆದ್ದರೆ ನಾಲ್ಕು ವರ್ಷದ ಕೂಸಿನ ಜಾಕೆಟ್ ಏನಾಗಬೇಕು? ಮಾವಶಿ ದಿನವಿಡೀ ಹುಲ್ಲುಹಾಸಿನಲ್ಲಿ ಸುತ್ತಿ, ಕೂತವರನ್ನು ಎಬ್ಬಿಸುತ್ತಾರೆ. ಕಳೆದ ವಾರ ಮುಂಬೈಯಿಂದ ಬಂದ ಒಬ್ಬ ಅಜ್ಜಿಗೆ "ಆಯೀ, ಸ್ವಲ್ಪ ಏಳಿ, ಮಗು ಮೇಲೆ ಕೂತಿದೀರಿ" ಎಂದರು. ಅಜ್ಜಿ ಹಾವು ತುಳಿದವರಂತೆ ಎಗರಿ ನಿಂತು, ಕೆಳಗೆ ನೋಡಿ, ಮಗುವಿಲ್ಲದ್ದು ಕಂಡು ಬೈದರು. ಮಾವಶಿ ಬೈಗುಳ ಕೇಳಿಸಿಕೊಂಡು, ಜಾಕೆಟ್ ಎತ್ತಿಕೊಂಡು ಬಂದರು.

ಶನಿವಾರ ಅವರು ರಜೆಯ ಜನಸಂದಣಿಗೆಂದು ಮಕ್ಕಳ ನಲವತ್ತೂ ಜಾಕೆಟ್ಟುಗಳನ್ನು ಒಟ್ಟಿಗೆ ಪರೀಕ್ಷೆಗೆ ಹಾಕಿದರು. ರಜೆಯ ಜನ ಮೇಲೆ ಕೂತೂ ಕೂತೂ ಹದಿನೇಳು ತಳ ಕಂಡವು. ಬೇಸಿಗೆಯಲ್ಲಿ ಹೀಗೇ ಆರು ಫೇಲಾದಾಗ ಅವರು ಅವನ್ನು ಬೇರೆ ಗೂಟಕ್ಕೆ ತೂಗುಹಾಕಿದ್ದರು. ಮಧ್ಯಾಹ್ನ ನೋಡಿದರೆ ಆರೂ ಮಕ್ಕಳ ಮೈಮೇಲೆ ಕೆರೆಯ ನಡುವೆ ಇದ್ದವು, ಜನ ಹೆಚ್ಚಾದಾಗ ಶೇಠ್ ತೆಗೆದುಕೊಟ್ಟಿದ್ದರು. ಆವತ್ತು ಆ ಮಕ್ಕಳು ದಡ ಸೇರುವವರೆಗೂ ಮಾವಶಿ ಕಟ್ಟೆಯ ತುದಿಯಲ್ಲಿ ನಿಂತೇ ಇದ್ದರು. ಈ ಸಲ ಗೂಟದ ಕಡೆ ಹೋಗದೆ ಈಳಿಗೆಮಣೆ ತಂದರು.

ಸಂಜೆ ಶೇಠ್ ಬಂದು ರಾಶಿ ನೋಡಿದರು. ನರೇಶ ಶೇಠ್ ಅದೇ ಊರಿನವರು, ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದ ಮಾವಶಿ ಅವರನ್ನು ಬಲ್ಲರು. ಜನರೆದುರು ಅವರನ್ನು ಕರೆಯುವುದು ಶೇಠ್ ಎಂದು, ಸಿಟ್ಟು ಬಂದರೆ ನರ್ಶಾ. ಶೇಠ್‌ಗೆ ಮಾವಶಿ ಊರ ವರಸೆಯಲ್ಲಿ ಕಾಕಿ, ಚಿಕ್ಕಪ್ಪನ ಹೆಂಡತಿಯ ಹಾಗೆ. ದೋಣಿ ನೋಡಿಕೊಳ್ಳುವ ಲಹೂ ಆ ಮಾತುಕತೆಗೆ ಸಾಕ್ಷಿ. ದೋಣಿಗೆ ಎಣ್ಣೆ ಬಿಡುವ ನೆವದಲ್ಲಿ ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡವರು ಅವರು.

"ಕಾಕೀ, ಏನಿದು ಮಾಡಿಟ್ಟಿದ್ದೀಯ?"

"ಮುಳುಗೋದನ್ನ ಕತ್ತರಿಸಿದೆ."

"ದಡದ ಹತ್ರ ಸೊಂಟದಷ್ಟೂ ನೀರಿಲ್ಲ. ಯಾರು ಮುಳುಗ್ತಾರೆ ಇಲ್ಲಿ?"

"ಯಾರ ಸೊಂಟ? ನಿಂದೋ, ನಾಲ್ಕು ವರ್ಷದ ಕೂಸಿಂದೋ?"

"ಹೊಸದು ಬರೋಕೆ ಹದಿನೈದು ದಿನ ಬೇಕು. ನಾಳೆ ಒಂದಿನ ಹೆಂಗೋ ನಡೆಸ್ಕೊಂಡು ಹೋಗಿದ್ರೆ ನಿನ್ ಗಂಟು ಏನು ಹೋಗ್ತಿತ್ತು?"

"ಬರೀ ಬೇರೆ ಇಟ್ಟಿದ್ರೆ ಗುಂಪಲ್ಲಿ ಗೋವಿಂದ ಅಂತ ನೀನೇ ಸೇರಿಸ್ಬಿಡ್ತಿದ್ದೆ ನರ್ಶಾ. ಬೇಸಿಗೇಲಿ ಸೇರಿಸಲಿಲ್ವಾ?"

ಶೇಠ್ ಕತ್ತರಿಸಿದ ಒಂದು ಜಾಕೆಟ್ ಎತ್ತಿ ನೋಡಿ, ರಾಶಿಗೆ ಎಸೆದರಂತೆ. ಆಮೇಲೆ, ಭಾನುವಾರ ಒಂದಿನ ಬಾ, ಸೋಮವಾರದಿಂದ ಬರಬೇಡ ಎಂದು ಹೇಳಿ ಹೋದರು. "ತಲೆ ಗಟ್ಟಿ ಐತೆ ಅಂತ ಬಂಡೆಗೆ ಹಾಯಬಾರ್ದು ಮಾವಶಿ" ಎಂದು ಲಹೂ ಬುದ್ಧಿ ಹೇಳಲು ಬಂದರೆ, "ಬಂಡೆ ಯಾರು, ನರ್ಶಾನಾ? ಅವನು ಬಂಡೆ ಆಗಿದ್ರೆ ಎಂದೋ ಅವನ ಮೇಲೆ ಮೀನು ಒಣಹಾಕ್ತಿದ್ದೆ" ಎಂದು ಬಾಯಿ ಮುಚ್ಚಿಸಿದರು. ಮನೆಗೆ ಹೋಗಿ ಗಂಡ ಜನಾರ್ದನರಿಗೆ ಮಾತ್ರ ಬೇರೆ ಮಾತು ಹೇಳಿದರು. ಬಲೆ ಹೋಯಿತು, ಈಗ ಇದೂ ಹೋದರೆ ಕೆರೆಯ ಹತ್ತಿರ ಹೋಗಲು ನನಗೆ ಕಾರಣವೇ ಇರುವುದಿಲ್ಲ, ಎಂದರು. ಅವರಿಗೆ ಹೆದರಿಕೆಯಾಗಿತ್ತು. ಅದನ್ನು ಅವರು ಮುಚ್ಚಿಡುವುದಿಲ್ಲ.

ಹೀಗೆ ಭಾನುವಾರ ಬೆಳಗಾಗಿದೆ. ಒಂಬತ್ತಕ್ಕೆ ಟಿಕೆಟ್ಟಿನ ಕಟಕಟೆ ತೆರೆಯುವ ಹೊತ್ತಿಗೆ ಸಾಲು ಜೋಳದ ಗಾಡಿಯನ್ನು ದಾಟಿ ರೈಲಿನ ಹಳಿಯವರೆಗೆ ಬೆಳೆದಿದೆ. ಮಕ್ಕಳಿಗೆ ಉಳಿದಿರುವುದು ಇಪ್ಪತ್ತಮೂರು ಜಾಕೆಟ್. ದೋಣಿಗಳು ಖಾಲಿ ತೇಲುತ್ತಿದ್ದರೂ ಜಾಕೆಟ್ ವಾಪಸು ಬರುವವರೆಗೆ ಮಕ್ಕಳಿದ್ದ ಸಂಸಾರ ಕಾಯಬೇಕು. ಮಾವಶಿ ಪ್ರತಿ ಮಗುವಿಗೂ ತಾವೇ ತೊಡಿಸಿ, ಪಟ್ಟಿ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆತ್ತುತ್ತಾರೆ. ಜಾಕೆಟ್ ಕಿವಿ ಮುಟ್ಟಿದರೆ ಅದು ದೊಡ್ಡದು, ಬೇರೆ ಬರುವವರೆಗೆ ಕಾಯಬೇಕು. ಮಕ್ಕಳಿಗೆ ಇದು ಆಟ, ಇನ್ನೊಮ್ಮೆ ಎತ್ತು ಎನ್ನುತ್ತವೆ. ಕಾಯುವ ದೊಡ್ಡವರಿಗೆ ಆಟವಲ್ಲ.

"ಮುಕ್ಕಾಲು ಗಂಟೆಯಿಂದ ನಿಂತಿದೀವಿ. ಜಾಕೆಟ್ ಇಲ್ದೆ ಬಿಡಿ, ನಾನು ಹಿಡ್ಕೊಂಡಿರ್ತೀನಿ," ಎಂದು ಡೊಂಬಿವಲಿಯ ಅಪ್ಪ ಒಬ್ಬರು ರೇಗುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಅವರ ಎರಡೂ ಕೈಗೆ ಜೋತುಬಿದ್ದಿದ್ದಾರೆ. "ಏನು, ಮೊಸಳೆ ಇದೆಯಾ ಇಲ್ಲಿ?"

"ಮೊಸಳೆ ಇದ್ದಿದ್ರೆ ಜಾಕೆಟ್ ಏನು ಮಾಡ್ತಿತ್ತು ಸಾಹೇಬ್ರೇ? ಮೊಸಳೆ ಇಲ್ಲ, ಬರೀ ನೀರು," ಎಂದು ಮಾವಶಿ ಮುಂದಿನ ಮಗುವಿನ ಪಟ್ಟಿ ಬಿಗಿಯುತ್ತಾರೆ. ಸಾಲಿನಲ್ಲಿ ನಾಲ್ಕಾರು ಜನ ನಗುತ್ತಾರೆ. ಅಪ್ಪ ನಗುವುದಿಲ್ಲ, ಆದರೆ ಹೋಗುವುದೂ ಇಲ್ಲ. ಹೋದವರೂ ಇದ್ದಾರೆ. ಶೇಠ್ ಕಟಕಟೆಯ ಒಳಗೆ ಕೂತು, ಹೋಗುವವರ ಬೆನ್ನನ್ನೂ ಮಾವಶಿಯ ಬೆನ್ನನ್ನೂ ಸರದಿಯ ಮೇಲೆ ನೋಡುತ್ತಾರೆ.

ಮಧ್ಯಾಹ್ನ ಮಾವಶಿಗೆ ಊಟವೂ ನಿಂತುಕೊಂಡೇ. ಅಕ್ಕಿ ಭಾಕ್ರಿ, ಒಣಸಿಗಡಿ ಚಟ್ನಿ. ಒಂದು ಕಣ್ಣು ಹುಲ್ಲುಹಾಸಿನ ಮೇಲೆ, ಯಾರು ಯಾವುದರ ಮೇಲೆ ಕೂತರೋ ಎಂದು.

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೂ ಧುರ್ಪದಾ ಭೋಯಿರ್ ಕೆಲಸಕ್ಕೆ ಬರುತ್ತಲೇ ಇದ್ದಾರೆ. ಬರಬೇಡ ಎಂದ ಮಾತನ್ನು ಶೇಠ್ ವಾಪಸು ತೆಗೆದುಕೊಂಡಿಲ್ಲ, ಮಾವಶಿ ಕೇಳಲೂ ಹೋಗಿಲ್ಲ. ಸೋಮವಾರ ಅವರು ಬಂದಾಗ ಡ್ರಮ್ಮುಗಳಿಗೆ ಯಾರೋ ಆಗಲೇ ನೀರು ತುಂಬಿಸಿಟ್ಟಿದ್ದರು. ಲಹೂ ತಾನಲ್ಲ ಎನ್ನುತ್ತಾರೆ. ಅದಕ್ಕೆ ಹಿಂದಿನ ಸಂಜೆ ನಡೆದದ್ದು ಇಷ್ಟು.

ಭಾನುವಾರ ನಾಲ್ಕರ ಸುಮಾರಿಗೆ ಪನವೇಲಿನಿಂದ ಶೇಠ್ ಅವರ ಮಗಳು ತನ್ನ ಕೂಸಿನೊಂದಿಗೆ ಬಂದಿಳಿಯುತ್ತಾಳೆ. ಕೂಸಿನ ಹೆಸರು ಆರೋಹಿ, ನಾಲ್ಕು ತುಂಬಿಲ್ಲ. ಹಂಸ, ಹಂಸ ಎಂದು ಒಂದೇ ಹಟ. ಶೇಠ್ ಕಟಕಟೆಯಿಂದ ಎದ್ದು, ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ನೇರ ಮುಂದೆ ಬರದೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ. ಸಾಲು ಅರ್ಧ ತಾಸು ತೆಗೆದುಕೊಳ್ಳುತ್ತದೆ. ಮಾವಶಿ ನೋಡಿಯೂ ಕರೆಯುವುದಿಲ್ಲ.

ಸರದಿ ಬಂದಾಗ ಮೇಜಿನ ಮೇಲೆ ಐದಾರು ಪುಟ್ಟ ಜಾಕೆಟ್ಟುಗಳಿವೆ. ಶೇಠ್ ಅವನ್ನು ನೋಡುತ್ತಾರೆ. ಒಂದನ್ನು ಮುಟ್ಟಿ ಬಿಡುತ್ತಾರೆ, ಇನ್ನೊಂದರ ಮೆತ್ತೆಯನ್ನು ಹೆಬ್ಬೆರಳಲ್ಲಿ ಒತ್ತುತ್ತಾರೆ. ಕೂಸು ಅವರ ಕುತ್ತಿಗೆಗೆ ಜೋತುಬಿದ್ದು ಕೆರೆಯ ಕಡೆ ಕೈ ಚಾಚಿದೆ. ಅವರ ದನಿ ತಗ್ಗುತ್ತದೆ.

"ಕಾಕೀ, ಇವಳಿಗೆ ಒಂದು ಒಳ್ಳೇದು ನೋಡಿ ಕೊಡು. ನೀನು ನೀರಿಗೆ ಹಾಕಿ ನೋಡಿದ್ದು."

ಮಾವಶಿ ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೇಜಿನ ಮೇಲಿನ ರಾಶಿಯನ್ನು ಇದ್ದ ಹಾಗೇ ಅವರ ಕಡೆ ದೂಡುತ್ತಾರೆ.

"ಆರಿಸೋದೇನಿದೆ ಶೇಠ್? ಕಣ್ಣು ಮುಚ್ಕೊಂಡು ಯಾವುದು ಬೇಕಾದ್ರೂ ತಗೋ."